ಪಿತೃಪಕ್ಷದಲ್ಲಿ ಬಟ್ಟೆ ಹುಡುಕುತ್ತಾ ಬೆಂಗಳೂರಿಗೆ

ಚಿಕ್ಕಪೇಟೆಗೆ ಭಾನುವಾರ ಹೋದರೆ ಮುಚ್ಚಿದ ಶಟರ್ ನೋಡಿ ಬರಬೇಕು. ಮ್ಯೂಸಿಯಂಗೆ ಸೋಮವಾರ ಹೋದರೆ ಗೇಟು ನೋಡಿ ಬರಬೇಕು. ಬಟ್ಟೆ ಹುಚ್ಚಿನವರು ಬೆಂಗಳೂರಿಗೆ ಹೊರಡುವ ಮುಂಚೆ ಇವೆರಡು ತಿಳಿದುಕೊಂಡರೆ ಸಾಕು, ಉಳಿದದ್ದು ಹೇಗೋ ಆಗುತ್ತದೆ. ಧಾರವಾಡದಿಂದ ರಾತ್ರಿ ರೈಲು ಹತ್ತಿದ ನಾನು ಶುಕ್ರವಾರ ಬೆಳಗ್ಗೆ ರಾಜಾಜಿನಗರದ ಚಿಗವ್ವನ ಮನೆಯಲ್ಲಿದ್ದೆ. ಸೆಪ್ಟೆಂಬರ್ ತಿಂಗಳು, ಪಿತೃಪಕ್ಷ ನಡೆದಿತ್ತು. "ಪಕ್ಷಮಾಸದಾಗ ಯಾರರೆ ಹೊಸಾ ಅರಿವಿ ತಗೋತಾರೇನಬೇ?" ಅಂತ ಚಿಗವ್ವ ಬಾಗಿಲಲ್ಲೇ ತಡೆದಳು. ಉಡೋಕಲ್ಲ, ಕೌದಿಗೆ ಅಂದೆ. ಕೌದಿಗೆ ಹೊಸ ಬಟ್ಟೆ ಅಂದದ್ದು ಕೇಳಿ ಅವಳಿಗೆ ಇನ್ನೂ ಸಿಟ್ಟು ಬಂತು.

ಅವಳ ಮಾತಲ್ಲೂ ಅರ್ಥವಿದೆ. ಕೌದಿ ಅಂದರೆ ಹಾಸಲು, ಹೊದೆಯಲು ಹೊಲಿಯುವ ದಪ್ಪ ಹೊದಿಕೆ, ನಮ್ಮ ಕಡೆ ಅದು ಹಳೆ ಸೀರೆಗಳದ್ದು. ಉಟ್ಟು ಒಗೆದು ಮೆತ್ತಗಾದ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಒಂದೇ ಸಮ ದಾರ ಓಡಿಸುತ್ತಾರೆ. ಒಳಗೆ ಹತ್ತಿ ತುಂಬುವುದಿಲ್ಲ. ಈಗಿನ ಕ್ವಿಲ್ಟ್‌ನವರ ಹಾಗೆ ನಡುವೆ ಬ್ಯಾಟಿಂಗ್ ಅನ್ನುವ ಮೆತ್ತನೆಯ ಪದರವನ್ನೂ ಇಡುವುದಿಲ್ಲ. ನಾನು ಎರಡನ್ನೂ ಕಲಸಲು ಹೊರಟವಳು. ಒಳಗೆ ಅವ್ವನ ಹಳೆ ಸೀರೆಗಳು, ಮೇಲೆ ನಾನೇ ಅಚ್ಚು ಹಾಕಿದ ತುಂಡುಗಳು, ಹಿಂಬದಿಗೆ ಒಂದು ಒಳ್ಳೆಯ ಹತ್ತಿ ಬಟ್ಟೆ. ಆ ಹಿಂಬದಿಯ ಬಟ್ಟೆಗಾಗಿಯೇ ಮೊದಲ ದಿನ ಹೋಯಿತು.

ಶುಕ್ರವಾರ: ಪೇಟೆ

ರಾಜಾಜಿನಗರದಿಂದ ಹಸಿರು ಮೆಟ್ರೋ ಹತ್ತಿದರೆ ನೇರ ಚಿಕ್ಕಪೇಟೆ, ಮೆಜೆಸ್ಟಿಕ್ ಆದಮೇಲೆ ಮುಂದಿನ ನಿಲ್ದಾಣ. ನೆಲದೊಳಗಿನಿಂದ ಮೇಲೆ ಬಂದ ಕೂಡಲೇ ಗದ್ದಲ. ತಳ್ಳುಗಾಡಿ, ಸ್ಕೂಟರ್, ತಲೆ ಮೇಲೆ ಮೂಟೆ ಹೊತ್ತವರು ಎಲ್ಲ ಒಂದೇ ಗಲ್ಲಿಯಲ್ಲಿ. ಆದರೂ ಅಂಗಡಿಗಳ ಒಳಗೆ ಜನ ಕಡಿಮೆ ಇದ್ದರು. ಪಕ್ಷ ಮುಗಿದು ದಸರಾ ಶುರುವಾದರೆ ಇಲ್ಲಿ ಕಾಲಿಡೋಕೆ ಆಗಲ್ಲ. ಬಟ್ಟೆಯನ್ನು ಸಾವಕಾಶವಾಗಿ ಮುಟ್ಟಿ ನೋಡಬೇಕು, ಅಂಗಡಿಯವರ ಹತ್ತಿರ ನಾಲ್ಕು ಮಾತಾಡಬೇಕು ಅನ್ನುವವರಿಗೆ ಈ ಹದಿನೈದು ದಿನ ಹೇಳಿ ಮಾಡಿಸಿದ ಹಾಗಿದೆ. ಚಿಗವ್ವನಿಗೆ ಮಾತ್ರ ಇದನ್ನು ಹೇಳಬೇಡಿ.

ನನಗೊಂದು ಚಟ. ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ. ಮುಂದಿನ ಮೈ ಗಿರಾಕಿಗೆ ಏನು ಬೇಕೋ ಅದನ್ನು ತೋರಿಸುತ್ತದೆ. ಹಿಂದಿನ ಮೈಗೆ ಆ ಜಾಣತನ ಇರುವುದಿಲ್ಲ. ಪ್ರಿಂಟ್ ಹಿಂಬದಿಯಲ್ಲಿ ಬೆಳ್ಳಗಿದ್ದರೆ ಬಣ್ಣ ಮೇಲ್ಮೈಯಲ್ಲಷ್ಟೇ ಕೂತಿದೆ ಅಂತ ಲೆಕ್ಕ. ಹಿಂದಕ್ಕೂ ಇಳಿದಿದ್ದರೆ ನೂಲೇ ಬಣ್ಣ ಕುಡಿದಿದೆ. ಕೈಯಲ್ಲಿ ಅಚ್ಚು ಹಾಕಿದ್ದೋ ಸ್ಕ್ರೀನ್ ಪ್ರಿಂಟೋ ಅನ್ನುವುದು ಮಾತ್ರ ಇದರಿಂದ ತಿಳಿಯಲ್ಲ. ಅದಕ್ಕೆ ಅಚ್ಚುಗಳು ಕೂಡುವ ಜಾಗ ನೋಡಬೇಕು. ಕೈಯದ್ದಾದರೆ ಗೇಣು ಗೇಣಿಗೊಮ್ಮೆ ಎಲ್ಲೋ ಒಂದು ಕೂದಲೆಳೆ ಸರಿದಿರುತ್ತದೆ, ಎಲ್ಲೋ ಬಣ್ಣ ಸ್ವಲ್ಪ ಜಾಸ್ತಿ ಕೂತಿರುತ್ತದೆ.

ಒಂದು ಸಣ್ಣ ಅಂಗಡಿಯಲ್ಲಿ ಹಿರಿಯ ಸೇಠ್ ಒಬ್ಬರು ನಾನು ಥಾನ್, ಅಂದರೆ ಬಟ್ಟೆಯ ಸುರುಳಿ, ತಿರುಗಿಸುವುದನ್ನೇ ನೋಡುತ್ತಿದ್ದರು. "ಏನಮ್ಮ, ಎಲ್ಲಾರೂ ಮುಂದೆ ನೋಡ್ತಾರೆ, ನೀವು ಹಿಂದೆ ನೋಡ್ತೀರಲ್ಲ" ಅಂದರು. ಮಾರವಾಡಿ ಮನೆತನ, ಕನ್ನಡ ಮಾತ್ರ ಅಪ್ಪಟ ಪೇಟೆಯದ್ದು. ನಾನು ಕೇಳಿದ್ದು ಕೇಂಬ್ರಿಕ್ ಅನ್ನುವ ನಯವಾದ ಹತ್ತಿ ಬಟ್ಟೆ. ಅವರು ತೆಗೆದದ್ದರಲ್ಲಿ ಒಂದು ಯಾಕೋ ಜಾರುತ್ತಿತ್ತು. ಶುದ್ಧ ಹತ್ತಿ ಹೌದಾ ಅಂದೆ. ಅವರು ಏನೂ ಹೇಳದೆ ಅಂಚಿನಿಂದ ಒಂದೆಳೆ ಕಿತ್ತು, ಬೆಂಕಿಕಡ್ಡಿ ಗೀರಿ ಹಚ್ಚಿದರು. ಎಳೆ ಮುದುಡಿ, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಗುಂಡು ಕಟ್ಟಿತು. ಪಾಲಿಯೆಸ್ಟರ್ ಬೆರೆತಿದೆ. ಇನ್ನೊಂದು ಥಾನ್‌ನ ಎಳೆ ಕಾಗದ ಉರಿದ ವಾಸನೆ ಬಿಟ್ಟು ಬೂದಿಯಾಯಿತು. "ಇದು ನಿಮ್ಮದು, ಅದು ಬೇರೆಯವರಿಗೆ" ಅಂತ ಮೊದಲನೆಯದನ್ನು ಮಡಚಿ ಒಳಗಿಟ್ಟರು. ಹಿಂಬದಿಗೆ ದೊಡ್ಡ ಪನ್ನದ್ದೇ, ಅಂದರೆ ಅಗಲ ಹೆಚ್ಚಿರುವುದೇ ಬೇಕು, ನಡುವೆ ಜೋಡು ಬಂದರೆ ಮಲಗಿದಾಗ ಬೆನ್ನಿಗೆ ಒತ್ತುತ್ತದೆ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುವುದರಿಂದ ಅಳತೆಗಿಂತ ಸ್ವಲ್ಪ ಹೆಚ್ಚೇ ಕತ್ತರಿಸಿಕೊಂಡೆ.

ಮಾತು ಬಿನ್ನಿ ಮಿಲ್‌ಗೆ ಹೋಯಿತು. 1884ರಲ್ಲಿ ಶುರುವಾದ ಬೆಂಗಳೂರಿನ ಮಿಲ್ ಅದು, ಎರಡು ವರ್ಷಕ್ಕೆ ಬಿನ್ನಿ ಕಂಪನಿಯ ಕೈಗೆ ಬಂತು. ಬಿನ್ನಿಪೇಟೆಯ ಹೆಸರು ಬಂದದ್ದು ಅದರಿಂದಲೇ. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು. ಸೇಠ್ ಹುಡುಗನಾಗಿದ್ದಾಗ ಬಿನ್ನಿ ಬಟ್ಟೆಯ ಥಾನ್ ಬಂದರೆ ಮೇಲಿನ ಚೀಟಿ ಕೀಳೋಕೆ ಅಂಗಡಿಯ ಹುಡುಗರ ನಡುವೆ ಜಗಳವಂತೆ. "ಚೀಟಿ ಚೆನ್ನಾಗಿತ್ತಮ್ಮ. ಬಟ್ಟೆ ಯಾರಿಗೆ ಬೇಕಿತ್ತು ಆವಾಗ" ಅಂತ ನಕ್ಕರು.

ಮಧ್ಯಾಹ್ನ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ. ಆಲೂಗಡ್ಡೆ ಪಲ್ಯದ ಜಾಗದಲ್ಲಿ ತರಕಾರಿ ಸಾಗು. ಧಾರವಾಡದ ನಾಲಿಗೆಗೆ ಖಾರ ಸಾಲದು, ಆದರೂ ಇನ್ನೊಂದು ತಿನ್ನೋಣ ಅನ್ನಿಸುವಂಥದ್ದು. ಬಟ್ಟೆ ಚೀಲ ತೊಡೆ ಮೇಲಿಟ್ಟುಕೊಂಡು ತಿನ್ನಬೇಕು, ನೆಲದ ಮೇಲಿಡುವ ಹಾಗಿಲ್ಲ.

ಹೊರಗೆ ಬಂದರೆ ಮಳೆ. ಹತ್ತು ನಿಮಿಷದಲ್ಲಿ ಗಲ್ಲಿ ಕಾಲುವೆಯಾಯಿತು. ಲೇಸು, ಗುಂಡಿ ಮಾರುವ ಅಂಗಡಿಯ ಜಗಲಿ ಮೇಲೆ ಒಬ್ಬ ಹಮಾಲರ ಪಕ್ಕ ನಿಂತೆ. ಚಿಗವ್ವನಿಗೆ ಫೋನ್ ಮಾಡಿದ ನನ್ನ ಮಾತು ಕೇಳಿ ಅವರು, "ಯಾವೂರ್ರೀ ಅಕ್ಕಾ ನಿಮ್ದು?" ಅಂದರು. ಅವರದು ಯಾದಗಿರಿ ಕಡೆ. ಚೀಲದಲ್ಲಿ ಏನಿದೆ ಅಂತ ಕೇಳಿದರು, ಹೇಳಿದೆ. "ನಮ್ಮವ್ವ ಹೊಲದ ಕೌದಿ ಇಲ್ಲೇ ಐತ್ರಿ, ರೂಮಿನ್ಯಾಗ. ನಾಕು ಮಂದಿ ಅದನ್ನ ಹಾಸ್ಕೋತೀವಿ. ಹಾಸಾಕ ಒಂದು, ಹೊಚ್ಚಾಕ ಒಂದು ಬೇಕ್ರಿ ಈ ಊರ ಥಂಡಿಗೆ." ಎಷ್ಟು ವರ್ಷದ್ದು ಅಂದೆ. ಮೇಲಿನ ತುಂಡು ಹರಿದಾಗೆಲ್ಲ ಅವ್ವ ಮತ್ತೆ ತುಂಡು ಕೂಡಿಸಿ ಹೊಲಿಯುತ್ತಾಳೆ, ವರ್ಷದ ಲೆಕ್ಕ ಯಾರಿಗೂ ಗೊತ್ತಿಲ್ಲ ಅಂದರು. ಮಳೆ ನಿಲ್ಲುವ ಮುಂಚೆಯೇ ಯಾರೋ ಕೂಗಿದರು, ಮೂಟೆ ಏರಿಸಿಕೊಂಡು ಹೋದರು.

ಶನಿವಾರ: ಅಚ್ಚು ಮತ್ತು ಬಣ್ಣ

ಬೆಳಗ್ಗೆ ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ, ಫುಟ್‌ಪಾತ್ ಮೇಲೆ ನಿಂತೇ. ಚಟ್ನಿಯನ್ನು ಇಡ್ಲಿ ಮುಳುಗುವಷ್ಟು ಹಾಕಿಕೊಡುತ್ತಾರೆ, ಅದೇ ಅದರ ಸೊಗಸು. ಅಲ್ಲಿಂದ ಆಟೋದಲ್ಲಿ ಬ್ಲಾಕ್ ಪ್ರಿಂಟಿಂಗ್ ಕಲಿಸುವ ಮನೆಗೆ.

ಬೆಂಗಳೂರಿಗೆ ಈ ಕೆಲಸ ಈಗಿನ ಫ್ಯಾಷನ್ ಅಲ್ಲ. ಸದಾಶಿವನಗರದ ತರಂಗಿಣಿ ಸ್ಟುಡಿಯೋ 1977ರಲ್ಲೇ ಶುರುವಾದದ್ದು. ನಾನು ಹೋದದ್ದು ಅದಕ್ಕಿಂತ ಬಹಳ ಸಣ್ಣ ಜಾಗಕ್ಕೆ. ಹಳೆ ಮನೆ, ಹಿತ್ತಿಲಿಗೆ ಶೀಟ್ ಹೊದಿಸಿದ್ದಾರೆ. ಉದ್ದನೆಯ ಮೇಜಿನ ಮೇಲೆ ಗೋಣಿ, ಅದರ ಮೇಲೆ ಕಂಬಳಿ, ಅದರ ಮೇಲೆ ಬಟ್ಟೆ ಬಿಗಿದು ಪಿನ್ ಚುಚ್ಚಿದ್ದಾರೆ. ಮೇಜು ಮೆತ್ತಗಿರದಿದ್ದರೆ ಅಚ್ಚು ಪೂರ್ತಿ ಮೂಡಲ್ಲ. ಕಲಿಸಿದವರು ಪೆಡನದ ಕಡೆಯ ಕಸುಬುದಾರರು. ಮಚಲಿಪಟ್ಟಣದ ಹತ್ತಿರದ ಆ ಊರು ಅಚ್ಚಿನ ಕಲಂಕಾರಿಗೆ ಹೆಸರುವಾಸಿ. ಅರ್ಧ ತೆಲುಗು, ಅರ್ಧ ಕನ್ನಡ, ಉಳಿದದ್ದು ಕೈಸನ್ನೆ.

ಅಚ್ಚು ಕೈಗೆ ತೆಗೆದುಕೊಂಡೆ. ತೇಗದ್ದು, ಎಣ್ಣೆ ಕುಡಿದು ಕಪ್ಪಾಗಿತ್ತು. ಇಲ್ಲೂ ಹಿಂಬದಿ ತಿರುಗಿಸಿದೆ. ಹಿಡಿಕೆಯ ಸುತ್ತ ಸಣ್ಣ ಸಣ್ಣ ತೂತುಗಳು, ಮುಂದಿನ ಕೆತ್ತನೆಯವರೆಗೂ ಹೋಗಿವೆ. ಗಾಳಿ ಆಡಲು. ತೂತಿಲ್ಲದಿದ್ದರೆ ಒತ್ತಿದಾಗ ಗಾಳಿ ಸಿಕ್ಕಿಕೊಂಡು ನಡುವೆ ಬಣ್ಣ ಹತ್ತುವುದಿಲ್ಲ. ಕೆತ್ತನೆಯ ಮೂಲೆಯಲ್ಲಿ ಒಂದು ಚುಕ್ಕೆ. ಮುಂದಿನ ಅಚ್ಚನ್ನು ಆ ಚುಕ್ಕೆಗೆ ಕೂರಿಸಬೇಕು. ಒಂದು ಹೂವಿಗೆ ಗೆರೆಯ ಅಚ್ಚು ಬೇರೆ, ಒಳಗೆ ತುಂಬುವ ಅಚ್ಚು ಬೇರೆ, ಹಿನ್ನೆಲೆಯದು ಇನ್ನೊಂದು. ರಾಜಸ್ಥಾನದಲ್ಲಿ ಇವಕ್ಕೆ ರೇಖ್, ದತ್ತಾ, ಗದ್ ಅಂತಾರೆ. "ಬೆರಳು ಬೇಡಮ್ಮ, ಇದು" ಅಂತ ಅವರು ಅಂಗೈ ಬುಡ ತೋರಿಸಿ ಠಪ್ ಅಂತ ಒಂದೇಟು ಹಾಕಿದರು. ಹೂವು ಬಿತ್ತು. ನನ್ನ ಅಂಗೈ ಮಧ್ಯಾಹ್ನದ ಹೊತ್ತಿಗೆ ಕೆಂಪಾಗಿತ್ತು, ಬಣ್ಣ ಹತ್ತಿ ಅಲ್ಲ.

ಮೇಲ್ಮೈಯಲ್ಲೇ ಕೂರುವ ಪಿಗ್ಮೆಂಟ್ ಬಣ್ಣದ ಕೆಲಸ ಸುಲಭ. ತಟ್ಟೆಯಲ್ಲಿ ಸ್ಪಂಜು, ಬಣ್ಣಕ್ಕೆ ಬಟ್ಟೆಗೆ ಅಂಟಿಸುವ ಬೈಂಡರ್ ಬೆರೆಸಿದ್ದಾರೆ, ಅದ್ದಿ ಒತ್ತಿದರೆ ಮುಗಿಯಿತು. ಬಟ್ಟೆಯ ಗಂಜಿ ಮೊದಲೇ ತೆಗೆದಿರಬೇಕು ಅಷ್ಟೇ. ನನ್ನನ್ನು ಹಿಡಿದು ಕೂರಿಸಿದ್ದು ಸಸ್ಯದ ಬಣ್ಣ. ಅಳಲೆಕಾಯಿ ಪುಡಿಯ ನೀರಲ್ಲಿ ಅದ್ದಿ ಒಣಗಿಸಿದ ಬಟ್ಟೆ ಮಾಸಲು ಹಳದಿ. ಅದರ ಮೇಲೆ ಎರಡು ಬಗೆಯ ಅಚ್ಚು. ಒಂದಕ್ಕೆ ಪಟಿಕ ಬೆರೆಸಿದ ಗಂಜಿ. ಇನ್ನೊಂದಕ್ಕೆ ತುಕ್ಕು ಹಿಡಿದ ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಲ್ಲಿ ವಾರಗಟ್ಟಲೆ ಕೊಳೆಯಿಟ್ಟು, ಹುಣಸೆಬೀಜದ ಹಿಟ್ಟಿನಿಂದ ಗಟ್ಟಿ ಮಾಡಿದ ನೀರು. ವಾಸನೆ ಕೇಳಬೇಡಿ. ಆ ನೀರು ಬಟ್ಟೆಗೆ ತಾಗಿದ್ದೇ ತಡ, ಕಣ್ಣೆದುರೇ ಬೂದು, ಆಮೇಲೆ ಕಪ್ಪು. ಅಳಲೆಯ ಒಗರು ಮತ್ತು ಕಬ್ಬಿಣ ಕೂಡಿದ್ದರ ಫಲ. ಪಟಿಕ ಒತ್ತಿದ ಜಾಗದಲ್ಲಿ ಮಾತ್ರ ಏನೂ ಕಾಣಲ್ಲ, ನಂಬಿಕೆಯ ಮೇಲೆ ಒತ್ತುತ್ತಾ ಹೋಗಬೇಕು.

ಇದು ಒಣಗಿ ಮಾಗಲು ದಿನಗಳು ಬೇಕು. ಹಾಗಾಗಿ ಟಿವಿ ಅಡುಗೆಯವರ ಹಾಗೆ ಮೊದಲೇ ಸಿದ್ಧ ಮಾಡಿಟ್ಟಿದ್ದ ತುಂಡೊಂದನ್ನು ತೆಗೆದು, ಜಾಲಿಸಿ, ತಾಮ್ರದ ಹಂಡೆಗೆ ಬಿಟ್ಟರು. ಒಳಗೆ ಅಲಿಜರಿನ್. ಮಂಜಿಷ್ಠದ ಜಾತಿಯ ಬೇರಿನಿಂದ ಬರುತ್ತಿದ್ದ ಕೆಂಪು ಅದು, 1868ರಲ್ಲಿ ಜರ್ಮನಿಯ ಕೆಮಿಸ್ಟುಗಳು ಪ್ರಯೋಗಾಲಯದಲ್ಲೇ ತಯಾರಿಸಿದರು. ನೀರು ಕಾಯುತ್ತಾ ಹೋದ ಹಾಗೆ ಪಟಿಕ ಒತ್ತಿದ್ದ, ಏನೂ ಕಾಣದಿದ್ದ ಜಾಗದಿಂದ ಕೆಂಪು ಹೂಗಳು ಮೇಲೆದ್ದು ಬಂದವು. ಕೋಲಿನಿಂದ ಎತ್ತಿ ತಿರುಗಿಸಿದರು. ಹಿಂಬದಿಗೂ ಅಷ್ಟೇ ಕೆಂಪು. ಮೇಜಿನ ಮೇಲಿದ್ದ ನನ್ನ ಪಿಗ್ಮೆಂಟ್ ತುಂಡಿನ ಹಿಂಬದಿ ಬೆಳ್ಳಗೆ ಬಿದ್ದಿತ್ತು. ಆಮೇಲೆ ಅದರ ಮೇಲೆ ನನಗೆ ಅಂಥಾ ಪ್ರೀತಿ ಉಳಿಯಲಿಲ್ಲ.

ಸಂಜೆ ಮತ್ತೆ ಮಳೆ. ಆಟೋದಲ್ಲಿ ಎರಡೂ ಕಡೆಯಿಂದ ಎರಚಲು. ಕೆಂಪು ತುಂಡು ಇನ್ನೂ ಒದ್ದೆ, ಪಿಗ್ಮೆಂಟಿನದ್ದು ಮುಟ್ಟಿದರೆ ಒಣಗಿದ ಹಾಗಿದ್ದರೂ ಇಸ್ತ್ರಿ ಕಾಣದ್ದು. ಚೀಲವನ್ನು ಹೊಟ್ಟೆಗೆ ಅಪ್ಪಿಕೊಂಡಿದ್ದನ್ನು ಕನ್ನಡಿಯಲ್ಲಿ ನೋಡಿದ ಡ್ರೈವರ್, "ಏನ್ ಮೇಡಂ, ಮಗೂನಾ?" ಅಂದರು. ವಿಷಯ ತಿಳಿದು ಗಾಡಿ ಪಕ್ಕಕ್ಕೆ ಹಾಕಿ, ಹಿಂದಿನಿಂದ ಒಂದು ಫ್ಲೆಕ್ಸ್ ಎಳೆದುಕೊಟ್ಟರು. ಯಾರೋ ಲೀಡರ್‌ಗೆ ಹುಟ್ಟುಹಬ್ಬದ ಶುಭಾಶಯ. "ಇದಕ್ಕೆ ಮಳೆ, ಬಿಸಿಲು ಏನೂ ಆಗಲ್ಲ. ನಮ್ಮ ಗಾಡಿ ಸೋರಿದಾಗ ಇವರೇ ಕಾಪಾಡೋದು." ಲೀಡರ್ ಮುಖ ಹೊರಗೆ, ನನ್ನ ಹೂಗಳು ಒಳಗೆ. ಮನೆಗೆ ಬಂದು ಬಿಚ್ಚಿದರೆ ಕೆಂಪು ತುಂಡು ಪಕ್ಕದ್ದರ ಬೆಳ್ಳನೆಯ ಬೆನ್ನಿಗೆ ಗುಲಾಬಿ ಕಲೆ ಮಾಡಿತ್ತು. ಚಿಗವ್ವ ಎರಡನ್ನೂ ಫ್ಯಾನ್ ಕೆಳಗೆ ಹರವಿ, ರಾತ್ರಿಯಿಡೀ ಆ ವಾಸನೆಯನ್ನು ಬೈದಳು.

ಭಾನುವಾರ: ಗಾಜಿನ ಹಿಂದೆ

ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿಗಳಿಲ್ಲ. ಮೆಟ್ರೋ ಇಳಿದು ಮರಗಳ ಕೆಳಗೆ ನಡೆದು ಕಸ್ತೂರ್ಬಾ ರಸ್ತೆಗೆ ಬರುವುದೇ ಒಂದು ಸುಖ, ನಾಯಿಗಳಿಗೆ ದಾರಿ ಬಿಡುತ್ತಾ ಬರಬೇಕು ಅಷ್ಟೇ. 2023ರ ಫೆಬ್ರವರಿಯಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಆಂಡ್ ಫೋಟೋಗ್ರಫಿ ಇಲ್ಲೇ ಇದೆ. ಜನ ಮ್ಯಾಪ್ ಅಂತಾರೆ.

ನಾನು ನೋಡಬೇಕು ಅಂದುಕೊಂಡು ಹೋದದ್ದು ಹಳೆಯ ಜವಳಿ ಚೀಟಿಗಳನ್ನು. ಮ್ಯಾಂಚೆಸ್ಟರ್, ಗ್ಲಾಸ್ಗೋ ಕಡೆಯಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಥಾನ್‌ಗಳ ಮೇಲೆ ಅಂಟಿಸುತ್ತಿದ್ದ ಬಣ್ಣದ ಕಾಗದಗಳು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಮೊದಲ ದಶಕಗಳವರೆಗೆ ಇವುಗಳ ಕಾಲ. ದೇವರು, ರಾಜರು, ಹುಲಿ, ಆನೆ, ಕನ್ನಡಿ ನೋಡಿಕೊಳ್ಳುವ ಹೆಂಗಸು. ಓದಲು ಬಾರದವರೂ ಚಿತ್ರ ನೋಡಿ "ಹುಲಿ ಛಾಪಿನದ್ದು ಕೊಡಿ" ಅಂತ ಕೇಳಲಿ ಅನ್ನುವ ವ್ಯಾಪಾರದ ಜಾಣ್ಮೆ. ಒಂದಂಗೈ ಅಗಲದ ಕಾಗದದಲ್ಲಿ ಎಷ್ಟು ಬಣ್ಣ, ಅಲ್ಲಲ್ಲಿ ಚಿನ್ನದ ಹೊಳಪು, ಕಿರೀಟದ ಅಂಚು ಬೆರಳಿಗೆ ಸಿಗುವ ಹಾಗೆ ಉಬ್ಬಿದೆ. ನಮ್ಮ ದೇವರನ್ನು ನಮಗೇ ಮಾರಿ, ಜೊತೆಗೆ ಬಟ್ಟೆಯನ್ನೂ ಮಾರಿದ್ದಾರೆ. ಸೇಠ್ ಹೇಳಿದ್ದು ನೆನಪಾಗಿ ಒಬ್ಬಳೇ ನಕ್ಕೆ.

ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಸ್ಕಾಟ್ಲೆಂಡಿನ ವೇಲ್ ಆಫ್ ಲೆವೆನ್ ಅನ್ನುವ ಕಣಿವೆಯಿಂದ ಟರ್ಕಿ ರೆಡ್ ಅನ್ನುವ ಕಡುಗೆಂಪು ಬಟ್ಟೆ ರಾಶಿರಾಶಿಯಾಗಿ ನಮ್ಮಲ್ಲಿಗೆ ಬರುತ್ತಿತ್ತು. ಆ ಕೆಂಪಿನ ಮೂಲವೂ ಅಲಿಜರಿನ್, ಹಿಡಿದಿಟ್ಟದ್ದು ಪಟಿಕದ ಸತ್ವವೇ. ಹಿಂದಿನ ದಿನ ಹಂಡೆಯಲ್ಲಿ ನೋಡಿದ ಕೆಲಸವನ್ನು ಅವರು ಎಣ್ಣೆ ಸೇರಿಸಿ, ಕಾರ್ಖಾನೆ ಹಾಕಿ ಮಾಡಿ, ಇಲ್ಲಿ ಬಟ್ಟೆಗೆ ಬಣ್ಣ ಹಾಕುವ ರಂಗರೇಜರ ಹೊಟ್ಟೆಯ ಮೇಲೆ ಹೊಡೆದರು. ಚೀಟಿಯ ಚಂದ ನೋಡುವಾಗ ಇದನ್ನು ಮರೆಯೋಕೆ ಆಗಲಿಲ್ಲ.

ಗಾಜಿನಲ್ಲಿಟ್ಟ ಬಟ್ಟೆಯ ಮುಂದೆ ನನ್ನ ಚಟಕ್ಕೆ ದಾರಿಯೇ ಇಲ್ಲ. ತಲೆ ಓರೆ ಮಾಡಿ ಅಂಚಿನಿಂದ ಇಣುಕಲು ನೋಡಿದೆ. ಕಾವಲಿಗಿದ್ದ ಹುಡುಗ ಬಂದು, "ಹಿಂದೆ ಏನೂ ಇರಲ್ಲ ಮೇಡಂ" ಅಂದ, ತುಂಬಾ ಮರ್ಯಾದೆಯಿಂದ. ಪ್ರದರ್ಶನ ಮಾಡುವವರಿಗೆ ನನ್ನದೊಂದೇ ಅಹವಾಲು. ಕಸೂತಿಯನ್ನಾದರೂ ಎರಡೂ ಕಡೆ ಕಾಣುವ ಹಾಗೆ ತೂಗುಹಾಕಿ. ಗವಂತಿ, ಮುರಗಿ ಹೊಲಿಗೆಗಳು ಮುಂದೆ ಹಿಂದೆ ಒಂದೇ ಥರ ಬರಬೇಕು, ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಹಿಂಬದಿ ಮುಚ್ಚಿಟ್ಟರೆ ಹೊಲಿದವಳ ಅರ್ಧ ಕೆಲಸ ಮುಚ್ಚಿಟ್ಟ ಹಾಗೆ, ಅಲ್ವಾ?

ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿನಲ್ಲಿ ಮರದ ಕೆಳಗೆ ಕೂತು ಪೂರಿ, ಫಿಲ್ಟರ್ ಕಾಫಿ. ಆಮೇಲೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. 1960ರಲ್ಲಿ ಹುಟ್ಟಿದ ಸಂಸ್ಥೆ, ಆವರಣದ ತುಂಬ ಬಂಡೆ, ಮರ. ಇಲ್ಲಿನ ತೊಗಲು ಗೊಂಬೆಗಳ ಮುಂದೆ ನನ್ನ ಚಟಕ್ಕೆ ಸ್ವಲ್ಪ ಸಮಾಧಾನವಾಯಿತು. ಆಡಿನ ತೊಗಲನ್ನು ಬೆಳಕು ದಾಟುವಷ್ಟು ತೆಳ್ಳಗೆ ಮಾಡಿ ಎರಡೂ ಕಡೆ ಬಣ್ಣ ಹಾಕಿರುತ್ತಾರೆ. ಹಿಂದಿನಿಂದ ದೀಪ ಬಿದ್ದರೇ ಅದಕ್ಕೆ ಜೀವ.

ಅಂಗಳದಲ್ಲಿ ಕರಕುಶಲ ಮೇಳ ನಡೆದಿತ್ತು. ಮೂಲೆಯಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸೊಬ್ಬರು ಕವದಿಗಳನ್ನು ಹಗ್ಗಕ್ಕೆ ಹಾಕಿ ಕೂತಿದ್ದರು. ನಮ್ಮ ಕೌದಿಗೂ ಅವರದ್ದಕ್ಕೂ ದೊಡ್ಡ ವ್ಯತ್ಯಾಸ ಇದೆ. ಅವರು ಕೆಳಗೊಂದು ಸೀರೆ ಹಾಸಿ, ಹೊರಗಿನ ಅಂಚಿನಿಂದ ತುಂಡು ಇಡುತ್ತಾ ಹೊಲಿಯುತ್ತಾ ನಾಲ್ಕೂ ಸುತ್ತು ಬಂದು ನಡುವಿನಲ್ಲಿ ಮುಗಿಸುತ್ತಾರೆ. ಮೊದಲೇ ಗೆರೆ ಹಾಕಿಕೊಳ್ಳುವುದಿಲ್ಲ. ಕೈಗೆ ಸಿಕ್ಕ ತುಂಡು ಕಣ್ಣಿಗೆ ಒಪ್ಪಿದರೆ ಕೂತಿತು. ತಿರುಗಿಸಿ ನೋಡಲಾ ಅಂದೆ. "ನೋಡು, ಮುಟ್ಟೋಕೆ ಅಲ್ವಾ ಹಾಕಿರೋದು" ಅಂದರು. ಹಿಂಬದಿಯಲ್ಲಿ ತುಂಡುಗಳ ಗದ್ದಲವೇ ಇಲ್ಲ. ಮಾಸಿದ ಹಸಿರು ಸೀರೆಯ ಮೇಲೆ ದಪ್ಪ ಬಿಳಿ ದಾರ, ಹೊರಗಿನಿಂದ ಒಳಕ್ಕೆ ಚೌಕದೊಳಗೆ ಚೌಕ. ಒಂದೆಡೆ ಹೊಲಿಗೆ ಹತ್ತಿರ ಹತ್ತಿರ ಬಂದು, ಮತ್ತೆ ಬಿಡಿಯಾಗಿತ್ತು. ಅಲ್ಲೇನಾಯಿತು ಅಂದೆ. "ಅದು ಮಗಳು ಹೊಲಿದದ್ದು. ಅವಳ ಕೈ ಸಣ್ಣ."

ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನಗಳು, ಪದರದ ಮೇಲೆ ಪದರ. ಅದಕ್ಕೆ ಹೂವು ಅನ್ನುತ್ತಾರೆ. ಇಡದಿದ್ದರೆ ಏನಾಗುತ್ತದೆ ಅಂತ ಕೇಳಿದೆ. "ಬೆತ್ತಲೆ ಕಳಿಸಿದ ಹಾಗೆ ಆಗ್ತದೆ" ಅಂದರು, ನಗದೆ. ಪಕ್ಕದಲ್ಲಿದ್ದ ಒಬ್ಬರು ಬೆಲೆಯನ್ನು ಅರ್ಧಕ್ಕೆ ಕೇಳಿ ಹೋದರು. ತಿಂಗಳ ಕೆಲಸಕ್ಕೆ ಹಾಗೆ ಕೇಳಬಾರದು. ಬ್ರ್ಯಾಂಡ್ ಅಂಗಡಿಯಲ್ಲಿ ಯಂತ್ರದ ಕ್ವಿಲ್ಟ್‌ಗೆ ಬರೆದಷ್ಟು ಕೊಟ್ಟು ಬರುವ ಜನ ನಾವೇ. ನಾನು ಮಗುವಿನ ಅಳತೆಯ ಒಂದು ಸಣ್ಣದನ್ನು ತೆಗೆದುಕೊಂಡೆ.

ಸೋಮವಾರ: ಇಸ್ತ್ರಿ, ರೈಲು

ಮಧ್ಯಾಹ್ನದ ರೈಲಿಗೆ ಮುಂಚೆ ಇಸ್ತ್ರಿ ಕೆಲಸ. ಪಿಗ್ಮೆಂಟ್ ಪ್ರಿಂಟ್ ಗಟ್ಟಿಯಾಗಬೇಕಾದರೆ ಬಿಸಿ ತಾಗಲೇಬೇಕು. ಹಿಂಬದಿಯಿಂದ, ಒಂದೊಂದು ಜಾಗದಲ್ಲೂ ಸಾಕಷ್ಟು ಹೊತ್ತು, ಸುಡದ ಹಾಗೆ ಸರಿಸುತ್ತಾ. ಆಮೇಲೂ ಕೆಲವು ದಿನ ನೀರಿಗೆ ಹಾಕಬಾರದು. ಚಿಗವ್ವ ಪಕ್ಕದಲ್ಲೇ ಕೂತು ಸಿದ್ದಿ ಕವದಿಯನ್ನು ಹಿಂದೆ ಮುಂದೆ ತಿರುಗಿಸಿ, "ಹೊಲಿಗಿ ಗಟ್ಟಿ ಐತಿ ಬಿಡು" ಅಂದಳು. ಅವಳ ಬಾಯಲ್ಲಿ ಇದು ದೊಡ್ಡ ಬಹುಮಾನ. ಎದ್ದು ಹೋಗಿ ಬೀರುವಿನಿಂದ ಎರಡು ಹಳೆ ಇಳಕಲ್ ಸೀರೆ ತಂದಳು, ಟೋಪು ತೆನೆ ಅನ್ನುವ ವಿನ್ಯಾಸದ ಸೆರಗಿನವು. "ಸೆರಗ ಕತ್ತರಸಬ್ಯಾಡ" ಅಂತ ತಾಕೀತು ಮಾಡಿದಳು. ಗುಲಾಬಿ ಕಲೆಯ ತುಂಡು ಏನು ಮಾಡಲಿ ಅಂದರೆ, ಕಾಲ್ದೆಸೆಗೆ ಹಾಕು, ಯಾರು ನೋಡ್ತಾರ ಅಂದಳು.

ರೈಲಿನಲ್ಲಿ ಎದುರು ಕೂತವರು ರಾಣೆಬೆನ್ನೂರಿಗೆ ಹೊರಟಿದ್ದರು. ಚೀಲದಿಂದ ಇಣುಕುತ್ತಿದ್ದ ಕೇಂಬ್ರಿಕ್ ನೋಡಿ ಮೀಟರಿಗೆ ಎಷ್ಟು ಅಂತ ಕೇಳಿದರು. 90 ರೂಪಾಯಿ ಅಂದೆ. "ಮೋಸ ಹೋದ್ರಿ ನೋಡ್ರಿ. ನಮ್ಮೂರ ಸಂತ್ಯಾಗ ಎಪ್ಪತ್ತಕ್ಕ ಕೊಡ್ತಾರ" ಅಂದರು. ಎಳೆ ಸುಟ್ಟು ನೋಡಿದ್ದೀರಾ ಅಂತ ಕೇಳಿದೆ. ಅದು ಹೇಗೆ ಅಂತ ಮುಂದಕ್ಕೆ ಬಾಗಿದರು. ರೈಲಿನಲ್ಲಿ ಕಡ್ಡಿ ಗೀರುವ ಹಾಗಿಲ್ಲವಲ್ಲ, ಬಾಯಲ್ಲೇ ಹೇಳಿದೆ. ರಾಣೆಬೆನ್ನೂರಲ್ಲಿ ಇಳಿಯುವಾಗ ಅವರು ತಮ್ಮ ಸೀರೆಯ ಸೆರಗಿನಿಂದಲೇ ಒಂದೆಳೆ ಕೀಳಲು ನೋಡುತ್ತಿದ್ದರು. ಮನೆಗೆ ಹೋಗಿ ನೋಡ್ರೀ ಅಂತ ಕೂಗಿದೆ.